ವಾಸನೆಯಿಲ್ಲದ ಈರುಳ್ಳಿ

ಇದೆಲ್ಲ ನಡೆದಾಗ ನಾನು ತೊಟ್ಟಿಲಲ್ಲಿದ್ದೆ. ಕಣ್ಣಾರೆ ಕಂಡೆ ಅಂತ ಹೇಳಲಾರೆ. ಅಮ್ಮ ಹೇಳಿದ್ದು ಒಂದು ಥರ, ಅಪ್ಪ ಹೇಳಿದ್ದು ಇನ್ನೊಂದು ಥರ, ಪಕ್ಕದ ಜಮೀನಿನ ಪಲಾಹ್ನಾ ಹೇಳುತ್ತಿದ್ದುದು ಬೇರೆಯೇ ಥರ. ಎಲ್ಲರ ಬಾಯಲ್ಲೂ ಕೇಳಿ ಕೇಳಿ ಬೆಳೆದವಳು ನಾನು. ಯಾವುದು ಒಂದಕ್ಕೊಂದು ಕೂಡುತ್ತದೋ ಅಷ್ಟನ್ನು ಹೇಳುತ್ತೇನೆ.

ನಮ್ಮವರು ಹಡಗು ಹತ್ತಿ ಸಸ್ಕ್ಯಾಚುವಾನ್ ನದಿಯ ತಿರುವಿನ ಈ ಬಯಲಿಗೆ ಬಂದು ಅದು ಎರಡನೆಯ ವಸಂತ. ಮನೆ ಅಂದರೆ ಅರ್ಧ ನೆಲದೊಳಗೆ ಅಗೆದದ್ದು, ಇನ್ನರ್ಧ ಹುಲ್ಲಿನ ಬೇರು ಹಿಡಿದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಪೇರಿಸಿದ್ದು. ಮಳೆ ಬಂದರೆ ಚಾವಣಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಜಮೀನು ಇನ್ನೂ ನಮ್ಮದಾಗಿರಲಿಲ್ಲ. ಮೂರು ವರ್ಷ ಅಲ್ಲೇ ವಾಸವಿದ್ದು, ನೆಲ ಒಡೆದು ಉತ್ತು ತೋರಿಸಿದರೆ ಆಮೇಲೆ ಹಕ್ಕುಪತ್ರ. ಅದು ಕೈಗೆ ಬರುವವರೆಗೂ ಊರಿಗೆ ಬಂದ ಹೊಸಬರೆಲ್ಲ ನಮ್ಮವರ ಕಣ್ಣಿಗೆ ಕಳ್ಳರೇ.

ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಕೆರೆಯಾಚೆಯ ಪ್ರೊಕೀಪನ ಮನೆಗೆ ಕೊರಳಿಗೆ ಟೈ ಕಟ್ಟಿದ ಒಬ್ಬ ಆಸಾಮಿ ಬಂದಿದ್ದ. ಅವರ ಮನೆಯ ಹಾಲು ಕುಡಿದು, ಮಗುವಿನ ತಲೆ ನೇವರಿಸಿ, ಬೇಲಿ ಚೆನ್ನಾಗಿದೆ ಅಂತ ಹೊಗಳಿ ಹೋದ. ಪ್ರೊಕೀಪ ರೈಲುಹಾದಿಯ ಕೂಲಿಗೆ ಹೋಗಿದ್ದ ಹೊತ್ತು ನೋಡಿಕೊಂಡು, ‘ಇಲ್ಲಿ ಯಾರೂ ವಾಸವಿಲ್ಲ’ ಅಂತ ಅರ್ಜಿ ಕೊಟ್ಟು ಆ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಪ್ರೊಕೀಪನ ಸಂಸಾರ ಗಾಡಿಯಲ್ಲಿ ಸಾಮಾನು ತುಂಬಿಕೊಂಡು ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ಅಮ್ಮನಿಗೆ ಇನ್ನೂ ಹಳೆಯದೊಂದು ನೆನಪಿತ್ತು. ನಾವು ಬಿಟ್ಟು ಬಂದ ದೇಶದಲ್ಲಿ ಜಮೀನ್ದಾರನ ಕಡೆಯವನೊಬ್ಬ ಊರ ಗೋಮಾಳದಲ್ಲಿ ಅಲ್ಲಲ್ಲಿ ಗುಂಡಿ ತೋಡಿ ಮಣ್ಣು ನೋಡಿ ಹೋಗಿದ್ದ. ಮುಂದಿನ ವರ್ಷ ಗೋಮಾಳಕ್ಕೆ ಬೇಲಿ ಬಿತ್ತು. ಅಂದಿನಿಂದ ಗುಂಡಿ ತೋಡಿ ಮಣ್ಣು ನೋಡುವವರನ್ನು ಅಮ್ಮ ನಂಬುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮಿಸ್ ಕಾರ್ಸ್‌ವೆಲ್ ಬಂದಳು.

ಹಿಮ ಕರಗಿ ನೆಲ ಕಾಲಿಗೆ ಅಂಟುವ ಕಾಲ. ಬೂದು ಕುದುರೆಯ ಸಣ್ಣ ಗಾಡಿ, ಎರಡು ಮರದ ಪೆಟ್ಟಿಗೆ, ಒಂದು ಡೇರೆ. ಐವತ್ತರ ಆಸುಪಾಸಿನ ಉದ್ದನೆಯ ಹೆಂಗಸು, ಕಾಲಿಗೆ ಗಂಡಸರ ಬೂಟು, ಜೊತೆಗೆ ಗಂಡ ಇಲ್ಲ, ಮಕ್ಕಳಿಲ್ಲ. ನಮ್ಮ ಜಮೀನಿನ ಅಂಚಿನ ಹೊಂಡದ ಪಕ್ಕ ಡೇರೆ ಹೊಡೆದಳು. ಪಲಾಹ್ನಾ ಲಂಗ ಎತ್ತಿಕೊಂಡು ಓಡಿ ಬಂದಳು. ನನಗೆ ದೀಕ್ಷಾಸ್ನಾನ ಆದಾಗ ಎತ್ತಿಕೊಂಡಿದ್ದ ಧರ್ಮತಾಯಿ ಆಕೆ; ಹಾಗಾಗಿ ಅವಳೂ ಅಮ್ಮನೂ ಒಬ್ಬರನ್ನೊಬ್ಬರು ‘ಕುಮಾ’ ಅಂತಲೇ ಕರೆಯುತ್ತಿದ್ದರು.

“ಕುಮಾ, ನೋಡಿದ್ಯಾ? ನಿಮ್ಮ ಹೊಲದ ತಲೆ ಮೇಲೇ ಬಂದು ಕೂತಿದ್ದಾಳೆ!”

“ನೋಡಿದೆ. ಕುದುರೆ ಬಿಚ್ಚೋಕ್ಕೂ ಮುಂಚೆ ಗುದ್ದಲಿ ಬಿಚ್ಚಿದ್ಲು.”

“ಗುದ್ದಲಿನಾ?”

“ಹ್ಞೂಂ. ಮಣ್ಣು ಅಗೆದು, ಬೆರಳಲ್ಲಿ ಉಜ್ಜಿ, ನಾಲಿಗೆ ಮೇಲೆ ಇಟ್ಕೊಂಡ್ಲು ಕುಮಾ. ನನ್ನ ಕಣ್ಣಾಣೆ.”

ಪಲಾಹ್ನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಮೊದಲು ಮಣ್ಣು ತಿಂತಾರೆ, ಆಮೇಲೆ ನಮ್ಮನ್ನ” ಅಂದಳು.

ಅಪ್ಪ ಡಾನಿಲೋ ಹಿಂದಿನ ಚಳಿಗಾಲವೆಲ್ಲ ರೈಲುಹಾದಿಯಲ್ಲಿ ಕೆಲಸ ಮಾಡಿ ಒಂದಿಷ್ಟು ಇಂಗ್ಲಿಷು ಕಲಿತಿದ್ದ. ಆ ಸುತ್ತಿನಲ್ಲಿ ಆ ಭಾಷೆ ಬರುತ್ತಿದ್ದದ್ದು ಅವನೊಬ್ಬನಿಗೇ. ಅವನು ವಿಚಾರಿಸಲು ಹೋದ. ಹೋದವನು ಮಧ್ಯಾಹ್ನ ಇಳಿದರೂ ಬರಲಿಲ್ಲ. ಬಂದಾಗ ಬಟ್ಟೆಯೆಲ್ಲ ಮಣ್ಣು, ಮುಖದಲ್ಲಿ ನಗು.

“ಅವಳು ಪುಸ್ತಕ ಬರೀತಾಳಂತೆ.”

“ಯಾವುದರ ಬಗ್ಗೆ?”

“ಈ ಬಯಲಿನ ಹುಲ್ಲು, ಗಿಡ, ಮಣ್ಣು. ಅದರ ಬಗ್ಗೆ.”

“ಹುಲ್ಲಿನ ಬಗ್ಗೆ ಪುಸ್ತಕನಾ? ಓದೋರ್ಯಾರು, ದನಾನಾ?”

“ನಗಬೇಡ ಟೆಕ್ಲಾ. ಅವಳ ಹತ್ರ ಅಂಥ ಪುಸ್ತಕ ಪೆಟ್ಟಿಗೆ ತುಂಬ ಇದೆ. ಬಣ್ಣದ ಚಿತ್ರ. ನಮ್ಮ ಹೊಲದ ಹುಲ್ಲಿನ ಬೇರು ಎಷ್ಟು ಆಳಕ್ಕೆ ಹೋಗುತ್ತೆ ಗೊತ್ತಾ? ಗುಂಡಿಯೊಳಗೆ ನಾನು ನಿಂತ್ರೆ ತಲೆ ಕಾಣಲ್ಲ, ಅಲ್ಲೂ ಬೇರು! ಮೇಲೆ ಕಪ್ಪು, ಆಮೇಲೆ ಕಂದು, ಅದರ ಕೆಳಗೆ ಸುಣ್ಣದ ಹಾಗೆ ಬಿಳಿ. ಎಷ್ಟು ದಪ್ಪ ಕಪ್ಪು ಮಣ್ಣು ಅಂತೀಯಾ…”

ಅಮ್ಮನಿಗೆ ಕೇಳಿಸಿದ್ದು ಒಂದೇ ಮಾತು. “ನೀನು ಯಾಕೆ ಗುಂಡಿಯೊಳಗೆ ನಿಂತಿದ್ದೆ?”

ಗುಂಡಿ ತೋಡಿಕೊಡಲು ಅಪ್ಪ ಒಪ್ಪಿಕೊಂಡು ಬಂದಿದ್ದ. ಅದಕ್ಕೆ ಬದಲಾಗಿ ಆಕೆಯ ಬೂದು ಕುದುರೆಯನ್ನು ಸಂಜೆಯ ಉಳುಮೆಗೆ ನಮಗೆ ಕೊಡುವುದು. ನಮ್ಮಲ್ಲಿದ್ದದ್ದು ಒಂದೇ ಎತ್ತು, ಅದೂ ಚಳಿಗಾಲದಲ್ಲಿ ಬಡಕಲಾಗಿತ್ತು. ಕುದುರೆ ಬಂದದ್ದು ದೊಡ್ಡ ಉಪಕಾರವೇ. ಆದರೆ ಅಮ್ಮನಿಗೆ ಅದೂ ಗಂಟಲಲ್ಲಿ ಇಳಿಯಲಿಲ್ಲ. ಸುಮ್ಮನೆ ಕುದುರೆ ಕೊಡುವವರು ಯಾರು? ಅದಕ್ಕೂ ಮಿಗಿಲಾಗಿ, ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡದ ಗಂಡ ಈಗ ಊಟಕ್ಕೆ ಕೂತರೆ ಸಾಕು, ಮಿಸ್ ಹೀಗಂದಳು, ಮಿಸ್ ಹಾಗಂದಳು. ಮಣ್ಣನ್ನು ಅಂಗೈಯಲ್ಲಿ ತಂದು ತೋರಿಸುತ್ತಿದ್ದ. ಆಕೆ ತಾನು ಇಂಗ್ಲಿಷಿನವಳಲ್ಲ, ಸ್ಕಾಟ್ಲೆಂಡಿನವಳು ಅಂದಳಂತೆ. ಅದನ್ನೂ ಬಂದು ಹೇಳಿದ. ಅಮ್ಮ ಮಾತ್ರ ‘ಇಂಗ್ಲಿಷಿನವಳು’ ಅನ್ನುವುದನ್ನು ಬಿಡಲಿಲ್ಲ.

“ಐವತ್ತು ವರ್ಷದ ಹೆಂಗಸು ಕುಮಾ” ಅಂತ ಪಲಾಹ್ನಾ ಸಮಾಧಾನ ಹೇಳುವವಳಂತೆ ಹೇಳಿದಳು. ಒಂದು ಗಳಿಗೆ ಬಿಟ್ಟು, “ಆದರೂ ಬೆನ್ನು ನೆಟ್ಟಗಿದೆ” ಅಂತಲೂ ಸೇರಿಸಿದಳು.

ಒಂದು ಬೆಳಿಗ್ಗೆ ಅಪ್ಪನೂ ಆಕೆಯೂ ನದಿಯ ಕಡೆ ಹೋದದ್ದನ್ನು ನೋಡಿಕೊಂಡು ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿ ಡೇರೆಯೊಳಗೆ ಹೊಕ್ಕಳು. ಹಕ್ಕುಪತ್ರಕ್ಕೆ ಕೊಡಲಿ ಹಾಕುವಂಥದ್ದು ಏನಾದರೂ ಸಿಗುತ್ತದೆ ಅಂತ ಅವಳ ಎಣಿಕೆ. ಸಿಕ್ಕಿದ್ದು ಒಣಗಿದ ಹುಲ್ಲು. ಕಾಗದದ ನಡುವೆ ಹುಲ್ಲು, ಕಾಗದದ ಮೇಲೆ ಅಂಟಿಸಿದ ಹೂವು, ಸಣ್ಣ ಸಣ್ಣ ಬಟ್ಟೆ ಚೀಲಗಳಲ್ಲಿ ಮಣ್ಣು. ಪುಸ್ತಕಗಳ ತುಂಬ ಎಲೆ, ಕಾಂಡ, ಬೇರು. ಹುಚ್ಚಿಯೇ ಇರಬೇಕು ಅಂತ ಅಮ್ಮನಿಗೆ ಅರ್ಧ ನಂಬಿಕೆ ಬಂತು. ಅಷ್ಟರಲ್ಲಿ ಮೂಲೆಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ ಕಂಡಿತು. ಬಟ್ಟೆ ಸರಿಸಿದಳು. ಬುಟ್ಟಿ ತುಂಬ ಗಡ್ಡೆ. ಬೆರಳ ತುದಿಯಷ್ಟು ದಪ್ಪ, ಕಂದು ಸಿಪ್ಪೆ, ಒಳಗೆ ಹಾಲುಬಿಳುಪು, ತಲೆಯ ಮೇಲೆ ಹುಲ್ಲಿನಂಥ ಹಸಿರು ಎಲೆ. ಥೇಟು ಈರುಳ್ಳಿ.

ಆ ತಿಂಗಳಲ್ಲಿ ಈರುಳ್ಳಿ ಅಂದರೆ ಏನು ಅಂತ ಹೊಟ್ಟೆ ತುಂಬಿದವರಿಗೆ ಗೊತ್ತಾಗುವುದಿಲ್ಲ. ಬಿತ್ತನೆಗೆ ಇಟ್ಟ ಆಲೂಗಡ್ಡೆಯ ಹೊರತು ಮನೆಯಲ್ಲಿ ತರಕಾರಿ ಅಂತ ಏನೂ ಇರಲಿಲ್ಲ. ರೈ ಹಿಟ್ಟಿನ ರೊಟ್ಟಿ, ಹೊಲದಂಚಿನ ಚಕ್ಕೋತ ಸೊಪ್ಪು ಹಾಕಿದ ಬೋರ್ಷ್ ಅನ್ನುವ ನಮ್ಮ ಹುಳಿ ಸಾರು, ಅದನ್ನು ಬಿಟ್ಟರೆ ನೀರು. ‘ಇದನ್ನ ಹುಡುಕೋಕೆ ಬಂದಿದ್ದಾಳೆ ಇವಳು, ನಮಗೆ ಗೊತ್ತಾಗದ ಹಾಗೆ ಮುಚ್ಚಿಟ್ಟು ತಿಂತಿದ್ದಾಳೆ’ ಅಂದುಕೊಂಡು ಅಮ್ಮ ಒಂದು ಹಿಡಿ ಎತ್ತಿಕೊಂಡಳು.

ಬಾಗಿಲಲ್ಲಿ ಬೂಟಿನ ಸದ್ದು. ಮಿಸ್ ಕಾರ್ಸ್‌ವೆಲ್ ಏನನ್ನೋ ಮರೆತು ಹಿಂತಿರುಗಿದ್ದಳು. ಅಮ್ಮನ ಕೈಯಲ್ಲಿದ್ದದ್ದನ್ನು ನೋಡಿದವಳೇ “ನೋ! ನೋ!” ಅಂತ ಕೂಗಿ ಕೈಗೆ ಪಟಾರನೆ ಹೊಡೆದು ಗಡ್ಡೆಗಳನ್ನು ಕಿತ್ತುಕೊಂಡಳು. ಆಮೇಲೆ ತನ್ನ ಕೊರಳನ್ನು ತಾನೇ ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿ ತೋರಿಸಿದಳು.

ಅಮ್ಮನಿಗೆ ಅರ್ಥವಾದದ್ದು ಇಷ್ಟೇ: ಕದ್ದರೆ ನೇಣು.

ಬಿಸಿ ಮುಖ ಹೊತ್ತುಕೊಂಡು ಮನೆಗೆ ಬಂದಳು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುತ್ತಾಳೆ? ಇನ್ನೊಬ್ಬರ ಡೇರೆಗೆ ಹೋಗಿದ್ದೆ, ಕೈ ಹಾಕಿದ್ದೆ, ಏಟು ತಿಂದೆ ಅಂತಲೇ? ಆದರೆ ಎಲೆಯ ಗುರುತು ಕಣ್ಣಲ್ಲಿ ಉಳಿದಿತ್ತು. ಎರಡು ದಿನ ಹುಡುಕಿದ ಮೇಲೆ ಹೊಂಡದ ದಕ್ಷಿಣದ ಇಳಿಜಾರಿನಲ್ಲಿ ಅದೇ ಎಲೆ ಗುಂಪು ಗುಂಪಾಗಿ ಸಿಕ್ಕಿತು. ಮಡಿಲು ತುಂಬ ಕಿತ್ತಳು. ಮೂಸಿ ನೋಡಿದಳು. ವಾಸನೆಯೇ ಇರಲಿಲ್ಲ.

ಅಮ್ಮ ಎಚ್ಚರಿಕೆಯ ಹೆಂಗಸು. ನಾಲ್ಕು ಗಡ್ಡೆ ಹೆಚ್ಚಿ ಮನೆಯ ಕೋಳಿಯ ಮುಂದೆ ಹಾಕಿ, ನೀರು ತರಲು ಹೋದಳು. ಬಂದು ನೋಡಿದರೆ ಚೂರುಗಳಿಲ್ಲ, ಕೋಳಿ ಎಂದಿನಂತೆ ಕೆದಕುತ್ತಿದೆ. ಮಾರನೆಯ ದಿನವೂ ಕೋಳಿ ಗಟ್ಟಿಯಾಗಿಯೇ ಇತ್ತು. ಅದು ತಿಂದಿತ್ತೋ, ಕೆದಕಿ ಹುಲ್ಲಿಗೆ ಎಸೆದಿತ್ತೋ, ನೋಡಿದವರಿಲ್ಲ.

ಭಾನುವಾರ ಬಂತು. ಬೆಳಿಗ್ಗೆ ಅಮ್ಮ ಸೊಪ್ಪು ಆಯುತ್ತಿದ್ದಾಗ ಮಿಸ್ ಕಾರ್ಸ್‌ವೆಲ್ಲೇ ಮನೆಗೆ ಬಂದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ ಸಕ್ಕರೆ. ಹೊಡೆದದ್ದಕ್ಕೆ ಬೇಜಾರಾಗಿತ್ತೋ ಏನೋ. ಡಬ್ಬಿಯನ್ನು ಅಮ್ಮನ ಕೈಗಿಟ್ಟು, ತೊಟ್ಟಿಲಲ್ಲಿದ್ದ ನನ್ನ ಕೆನ್ನೆ ಮುಟ್ಟಿ, ಏನೋ ಮೆತ್ತಗೆ ಹೇಳಿ ಹೋದಳು. ಅಪ್ಪ ಎತ್ತಿಗೆ ನೀರು ಕುಡಿಸಲು ಹೋಗಿದ್ದ, ಆಕೆ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಆಕೆ ಹೊರಟದ್ದನ್ನು ಪಲಾಹ್ನಾ ದೂರದಿಂದ ನೋಡಿದ್ದಳು.

ಮಧ್ಯಾಹ್ನ ಅಮ್ಮ ಬೋರ್ಷ್ ಬಡಿಸಿದಳು. ಗಡ್ಡೆಗಳನ್ನು ಕೊಬ್ಬಿನಲ್ಲಿ ಹುರಿದು ಹಾಕಿದ್ದಳು. ಅಪ್ಪನ ಬಟ್ಟಲಿಗೆ ಗಡ್ಡೆಯೆಲ್ಲ ಬರುವ ಹಾಗೆ ಸೌಟಿನಿಂದ ತಳ ಕೆರೆದು ಬಡಿಸಿದಳು. ತನಗೆ ಸೊಪ್ಪೂ ತಿಳಿಯೂ.

“ಇದೇನೇ ಇವತ್ತು ಹಬ್ಬ?”

“ತಿನ್ನು ಸುಮ್ನೆ.”

ಆಮೇಲೆ ಇಬ್ಬರೂ ಸಕ್ಕರೆ ಹಾಕಿದ ಚಹಾ ಕುಡಿದರು. ಆ ಮನೆಯಲ್ಲಿ ಅದೇ ಮೊದಲ ಸಕ್ಕರೆ.

ಅಪ್ಪನ ಬಾಯಿಂದ ಜೊಲ್ಲು ಸುರಿಯತೊಡಗಿದಾಗ ಅವನು ಹೊರಗೆ ಗುದ್ದಲಿಯ ಕಾವು ಸರಿಮಾಡುತ್ತಾ ಕೂತಿದ್ದ. ಬಾಯಿ ಉರಿ ಅಂದ. ಎದ್ದು ನಿಂತವನು ಕುಡಿದವನ ಹಾಗೆ ಓಲಾಡಿ ಗೋಡೆ ಹಿಡಿದುಕೊಂಡ. ವಾಂತಿ ಶುರುವಾಯಿತು, ನಿಲ್ಲಲೇ ಇಲ್ಲ. ಅವನನ್ನು ಒಳಗೆ ಎಳೆದು ತರುವಷ್ಟರಲ್ಲಿ ಅಮ್ಮನಿಗೂ ನಾಲಿಗೆ ಜುಮುಗುಟ್ಟಿ ಕಾಲು ಸೋತಿತ್ತು. ಬಾಗಿಲಿಗೆ ತೆವಳಿ “ಕುಮಾ! ಕುಮಾ!” ಅಂತ ಕೂಗಿದಳು.

ಪಲಾಹ್ನಾ ಬಂದಳು, ಹಿಂದೆಯೇ ಅವಳ ಗಂಡ ಓನುಫ್ರಿ. ಆಳು ಒಳ್ಳೆಯವನೇ, ಆದರೆ ಯೋಚನೆಗಿಂತ ಕೈ ಮುಂದೆ. ಅಪ್ಪನ ಕೈಕಾಲು ತಣ್ಣಗಾಗಿದ್ದವು. ತುಟಿ ನೀಲಿ. ಪಲಾಹ್ನಾಳ ಕಣ್ಣು ಮನೆಯೆಲ್ಲ ಸುತ್ತಿ ಸಕ್ಕರೆ ಡಬ್ಬಿಯ ಮೇಲೆ ನಿಂತಿತು.

“ಇದೆಲ್ಲಿಂದ ಬಂತು?”

“ಅವಳು… ಕೊಟ್ಲು. ಬೆಳಿಗ್ಗೆ.”

“ನಾನು ನೋಡಿದೆ! ನನ್ನ ಕಣ್ಣಾರೆ ನೋಡಿದೆ ಓನುಫ್ರಿ! ಇಲ್ಲಿಂದಲೇ ಹೋದ್ಲು. ಗಂಡ ಹೆಂಡ್ತಿ ಸತ್ರೆ ಜಮೀನು ಖಾಲಿ, ಪ್ರೊಕೀಪಂದು ಹೋದ ಹಾಗೆ!”

ಅಮ್ಮ ಆಗಲೂ ಗಡ್ಡೆಯ ವಿಚಾರ ಎತ್ತಲಿಲ್ಲ. ಇದು ನಾನು ಅವಳನ್ನು ಎಷ್ಟೋ ಸಲ ಕೇಳಿದ್ದೇನೆ. ಮುಚ್ಚಿಡಬೇಕು ಅಂತಲ್ಲ, ಅವಳಿಗೆ ನಿಜವಾಗಿಯೂ ಸಕ್ಕರೆಯ ಮೇಲೇ ಅನುಮಾನ ಬಂದಿತ್ತಂತೆ. ಕೋಳಿ ಬದುಕಿತ್ತಲ್ಲ! ಬಾಗಿಲಾಚೆ ಅದು ಕೊಕ್ಕೊಕ್ಕೋ ಅನ್ನುತ್ತಿದ್ದುದು ಮಲಗಿದಲ್ಲಿಗೇ ಕೇಳಿಸುತ್ತಿತ್ತು.

ಓನುಫ್ರಿ ಹುಲ್ಲು ಎತ್ತುವ ಕವೆಗೋಲು ಹಿಡಿದು ಹೋಗಿ ಮಿಸ್ ಕಾರ್ಸ್‌ವೆಲ್‌ಳನ್ನು ಡೇರೆಯಿಂದ ಎಬ್ಬಿಸಿ ತಂದ. ಆಕೆಗೆ ನಮ್ಮ ಭಾಷೆ ಬಾರದು, ಇವರಿಗೆ ಆಕೆಯದು ಬಾರದು, ಎರಡೂ ಬರುತ್ತಿದ್ದ ಒಬ್ಬನೇ ಒಬ್ಬ ಮಂಚದ ಮೇಲೆ ಕಣ್ಣು ತೇಲಿಸಿ ಬಿದ್ದಿದ್ದ. ಆಕೆ ಒಳಗೆ ಬಂದವಳು ಓನುಫ್ರಿಯ ಕವೆಗೋಲನ್ನು ಕೈಯಿಂದ ಸರಿಸಿ ಸೀದಾ ಅಪ್ಪನ ಬಳಿ ಹೋಗಿ ನಾಡಿ ಹಿಡಿದಳು. ಮುಖ ಬಿಳಿಚಿತು. ತಿರುಗಿ ಒಲೆಯ ಮೇಲಿನ ಪಾತ್ರೆಯ ಕಡೆ ಹೆಜ್ಜೆ ಹಾಕಿದಳು.

“ಮುಟ್ಟಕ್ಕೆ ಬಿಡಬೇಡ! ಚೆಲ್ಲಿಬಿಡ್ತಾಳೆ, ಆಮೇಲೆ ಯಾರಿಗೂ ಗೊತ್ತಾಗಲ್ಲ!” ಅಂದಳು ಪಲಾಹ್ನಾ. ಓನುಫ್ರಿ ಅಡ್ಡ ನಿಂತ. ಡಬ್ಬಿಯನ್ನು ಆಕೆಯ ಮೂಗಿನ ಮುಂದೆ ಹಿಡಿದು ಅಲ್ಲಾಡಿಸಿದ.

ಆಕೆ ಡಬ್ಬಿಯನ್ನು ನೋಡಿದಳು, ಅವನನ್ನು ನೋಡಿದಳು. ಅರ್ಥವಾಯಿತು. ಮೇಜಿನ ಮೇಲಿದ್ದ ಮರದ ಚಮಚ ತೆಗೆದುಕೊಂಡು ಡಬ್ಬಿಯಿಂದ ಸಕ್ಕರೆ ತುಂಬಿ ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿದಳು. ಮತ್ತೊಂದು ಚಮಚ. ಮತ್ತೊಂದು. ಕಣ್ಣಲ್ಲಿ ನೀರು ಬರುತ್ತಿತ್ತು, ಗಂಟಲಿಗೆ ಸಿಕ್ಕಿ ಕೆಮ್ಮುತ್ತಿದ್ದಳು, ಆದರೂ ಓನುಫ್ರಿಯ ಮುಖದಿಂದ ಕಣ್ಣು ತೆಗೆಯದೆ ತಿನ್ನುತ್ತಲೇ ಇದ್ದಳು.

ಓನುಫ್ರಿಯ ಕವೆಗೋಲು ಸ್ವಲ್ಪ ಕೆಳಗಿಳಿಯಿತು. “ಸಕ್ಕರೆಯಲ್ಲ ಅನ್ಸುತ್ತೆ ಕಣೇ” ಅಂದ.

“ಎಷ್ಟು ತಿಂದ್ರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿರುತ್ತೆ. ನೀನು ಬೆಪ್ಪ” ಅಂದಳು ಪಲಾಹ್ನಾ.

ಆ ಗಲಾಟೆಯ ನಡುವೆಯೇ ಆಕೆ ಓನುಫ್ರಿಯ ಕಂಕುಳಡಿಯಿಂದ ನುಸುಳಿ ಪಾತ್ರೆಯೊಳಗೆ ಚಮಚ ಇಳಿಬಿಟ್ಟಳು. ತಳದಲ್ಲಿ ಉಳಿದಿದ್ದ ಒಂದು ಗಡ್ಡೆ ಸಿಕ್ಕಿತು. ಅದನ್ನು ಬೆರಳಲ್ಲಿ ಹಿಡಿದು ಅಮ್ಮನ ಮುಂದೆ ಮಂಡಿಯೂರಿ ಕೂತಳು. ಬಯ್ಯಲಿಲ್ಲ. ಇನ್ನೊಂದು ಕೈಯಿಂದ ತನ್ನ ಕೊರಳು ಹಿಡಿದು, ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿದಳು.

ಅಮ್ಮ ಹೇಳುತ್ತಿದ್ದಳು, ಆಗ ಮೈಮೇಲೆ ತಣ್ಣೀರು ಹೊಯ್ದ ಹಾಗಾಯಿತು ಅಂತ. ಡೇರೆಯಲ್ಲಿ ಆಕೆ ಬೆದರಿಸಿದ್ದಲ್ಲ. ಬೇಡ, ಸಾಯುತ್ತೀಯ ಅಂತ ಹೇಳಿದ್ದು.

“ಕುಮಾ” ಅಂದಳು ಅಮ್ಮ, “ಅವಳನ್ನ ಬಿಡು. ನಾನೇ ಕಿತ್ತು ತಂದಿದ್ದು. ಇಳಿಜಾರಿಂದ. ನಾನೇ ಬೇಯಿಸಿದ್ದು.”

ಓನುಫ್ರಿ ಕವೆಗೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಮಿಸ್ ಕಾರ್ಸ್‌ವೆಲ್ ಕೈಸನ್ನೆಯಲ್ಲೇ ಎಲ್ಲರನ್ನೂ ಕೆಲಸಕ್ಕೆ ಹಚ್ಚಿದಳು. ಬೆಚ್ಚಗಿನ ಉಪ್ಪುನೀರು ಕುಡಿಸಿ ಇಬ್ಬರಿಂದಲೂ ಉಳಿದದ್ದನ್ನೆಲ್ಲ ಕಕ್ಕಿಸಿದಳು. ಓನುಫ್ರಿ ಕಲ್ಲು ಕಾಯಿಸಿ ತಂದ, ಪಲಾಹ್ನಾ ಅವನ್ನು ಚಿಂದಿಯಲ್ಲಿ ಸುತ್ತಿ ಅಪ್ಪನ ಕಾಲಿಗೆ, ಎದೆಗೆ ಇಟ್ಟಳು. ಕಡುಗಪ್ಪು ಚಹಾ ಗುಟುಕು ಗುಟುಕಾಗಿ ಹಾಕಿದರು. ಅಮ್ಮನ ಹಾಲು ಮಗುವಿಗೆ ಬೇಡ ಅಂತ ಆಕೆ ಎದೆ ಮುಟ್ಟಿ, ತಲೆ ಅಲ್ಲಾಡಿಸಿ ತೋರಿಸಿದಾಗ ಪಲಾಹ್ನಾ ನನ್ನನ್ನು ತನ್ನ ಮನೆಗೆ ಒಯ್ದು ತನ್ನ ಮಗುವಿನ ಜೊತೆ ಹಾಲೂಡಿಸಿದಳು. ಅವಳ ನಾಲಿಗೆಯ ಬಗ್ಗೆ ಏನು ಬೇಕಾದರೂ ಹೇಳಬಹುದು, ಆ ಹಾಲಿನ ಬಗ್ಗೆ ನಾನು ಏನೂ ಹೇಳಲಾರೆ.

ಅಮ್ಮ ಮಾರನೆಯ ದಿನ ಎದ್ದಳು. ಅಪ್ಪ ಆ ವಾರವೆಲ್ಲ ಏಳಲಿಲ್ಲ. ಮಿಸ್ ಕಾರ್ಸ್‌ವೆಲ್ ತನ್ನ ಗಿಡಗಳನ್ನು ಬಿಟ್ಟು ದಿನವೂ ಬಂದು ಕೂರುತ್ತಿದ್ದಳು. ಓನುಫ್ರಿ ಯಾವತ್ತೂ ತಪ್ಪಾಯಿತು ಅನ್ನಲಿಲ್ಲ. ಒಂದು ದಿನ ಆಕೆಯ ಗಾಡಿಯ ಸಡಿಲವಾದ ಚಕ್ರ ಬಿಚ್ಚಿ, ಸರಿಮಾಡಿ, ಮತ್ತೆ ಹಾಕಿ, ಮಾತಾಡದೆ ಹೋದ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅಪ್ಪ ಎದ್ದು ಓಡಾಡುವಂತಾದ ಮೇಲೆ ಒಂದು ಬದಲಾವಣೆ ಅಮ್ಮನಿಗೆ ಕಂಡಿತು. ಬಟ್ಟಲು ಮುಂದಿಟ್ಟರೆ ಅಪ್ಪ ಚಮಚ ಎತ್ತುತ್ತಿರಲಿಲ್ಲ. ಬಿಸಿ ಅನ್ನುತ್ತಿದ್ದ, ಕೈ ತೊಳೆದು ಬರುತ್ತೇನೆ ಅನ್ನುತ್ತಿದ್ದ, ದೇವರ ಪಟದ ಕಡೆ ತಿರುಗಿ ಪ್ರಾರ್ಥನೆಯನ್ನು ಉದ್ದ ಮಾಡುತ್ತಿದ್ದ. ಅಮ್ಮ ಒಂದು ಚಮಚ ತಿಂದ ಮೇಲೆ ಮಾತ್ರ ತಿನ್ನುತ್ತಿದ್ದ. ಮೊದಲು ಅವಳು ಕಾಯಿಲೆಯ ಹೆದರಿಕೆ ಅಂದುಕೊಂಡಳು. ಒಂದು ದಿನ ಅವಳು ಬೇಕೆಂದೇ ತಿನ್ನದೆ ಕೂತಳು. ಅಪ್ಪನೂ ಕೂತ. ಬೋರ್ಷ್ ಮೇಲೆ ಕೊಬ್ಬು ಹೆಪ್ಪುಗಟ್ಟಿತು. ಅಪ್ಪ ಎದ್ದು ರೊಟ್ಟಿ ಮುರಿದುಕೊಂಡು ಹೊಲಕ್ಕೆ ಹೋದ.

ಅಮ್ಮ ಅವನ ಹಿಂದೆಯೇ ಹೋದಳು.

“ನಿಲ್ಲು. ಏನಿದೆ ಹೊಟ್ಟೇಲಿ ಬಾಯಿ ಬಿಟ್ಟು ಹೇಳು.”

“ಏನೂ ಇಲ್ಲ.”

“ಡಾನಿಲೋ, ಮೂರು ವಾರದಿಂದ ನನ್ನ ಬಾಯಿ ನೋಡ್ಕೊಂಡು ಊಟ ಮಾಡ್ತಿದ್ದೀಯ. ನಾನೇನು ಕೋಳಿನಾ?”

ಅಪ್ಪ ಗುದ್ದಲಿ ಊರಿ ನಿಂತ. ಆಮೇಲೆ ಹೇಳಿದ: “ನನ್ನ ಬಟ್ಟಲಲ್ಲಿ ಗಡ್ಡೆ ತುಂಬಿತ್ತು. ನಿನ್ನ ಬಟ್ಟಲಲ್ಲಿ ಸೊಪ್ಪಿತ್ತು. ನಾನು ನೋಡಿದ್ದೆ.”

ಅಮ್ಮ ಅವನ ಎದುರಿಗೆ ಬಂದು ನಿಂತಳು.

“ಬೇಡ ಅಂತ ಅವಳು ನಿನ್ನ ಕೈಗೆ ಹೊಡೆದಿದ್ಲಂತೆ. ಮಿಸ್ ಹೇಳಿದ್ಲು. ಅದು ತಿನ್ನೋದಲ್ಲ ಅಂತ ನಿನಗೆ ಗೊತ್ತಿತ್ತು ಅಂತ ಅವಳು ತಿಳ್ಕೊಂಡಿದ್ಲು. ಪಲಾಹ್ನಾ ಬೇರೆ ಹೇಳ್ತಾಳೆ, ನಿನಗೆ ಮಿಸ್‌ನ ಕಂಡ್ರೆ ಆಗ್ತಿರಲಿಲ್ಲ, ಅವಳನ್ನ ಓಡಿಸೋಕೆ ಏನಾದ್ರೂ ಮಾಡ್ತೀನಿ ಅಂತಿದ್ದೆ ಅಂತ.” ಅವನ ಧ್ವನಿ ಸಣ್ಣಗಾಯಿತು. “ನನ್ನನ್ನ ಸಾಯಿಸೋಕೆ ಅಂತ ನಾನು ಅನ್ನಲ್ಲ ಟೆಕ್ಲಾ. ಸ್ವಲ್ಪ ಹುಷಾರು ತಪ್ಪಿಸಿ, ತಪ್ಪು ಅವಳ ತಲೆ ಮೇಲೆ ಬರೋ ಹಾಗೆ… ಅಷ್ಟೇ ಇತ್ತಾ ನಿನ್ನ ಮನಸ್ಸಲ್ಲಿ? ಹೇಳಿಬಿಡು. ಗೊತ್ತಾದ್ರೆ ತಿಂತೀನಿ.”

ಅಮ್ಮ ಅಳುವ ಪೈಕಿಯಲ್ಲ. ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು “ಬಾ” ಅಂದಳು.

ಹೊಂಡದ ದಕ್ಷಿಣದ ಇಳಿಜಾರು ಈಗ ಹೂವು ಬಿಟ್ಟಿತ್ತು. ಕೆನೆಬಣ್ಣದ ಸಣ್ಣ ಹೂಗಳ ಗೊಂಚಲು, ಗಾಳಿಗೆ ತೊನೆಯುತ್ತಾ, ನೋಡಿದರೆ ದೇವರ ಪಟಕ್ಕೆ ಏರಿಸೋಣ ಅನ್ನಿಸುವಂಥದ್ದು. ಅಮ್ಮ ಅದರ ಬುಡಕ್ಕೆ ಗುದ್ದಲಿ ಹಾಕಿದಳು. ಆಮೇಲೆ ಸ್ವಲ್ಪ ಆಚೆ ಇನ್ನೊಂದು ಗಿಡದ ಬುಡಕ್ಕೆ. ಅದು ನಿಜವಾದ ಕಾಡು ಈರುಳ್ಳಿ, ಮಿಸ್ ಕಾರ್ಸ್‌ವೆಲ್ ಆ ವಾರಗಳಲ್ಲಿ ಅಮ್ಮನಿಗೆ ತೋರಿಸಿಕೊಟ್ಟಿದ್ದು. ಎರಡರ ಸಿಪ್ಪೆಯನ್ನೂ ಉಗುರಿನಿಂದ ಸುಲಿದು, ಎಲೆ ಚಿವುಟಿ, ಅವನ ಅಂಗೈಯಲ್ಲಿ ಇಟ್ಟಳು.

“ಯಾವುದು ತಿನ್ನೋದು? ಹೇಳು. ಪುಸ್ತಕದವಳ ಜೊತೆ ತಿಂಗಳುಗಟ್ಟಲೆ ಗುಂಡಿ ತೋಡಿದ್ದೀಯಲ್ಲ.”

ಅಪ್ಪ ತಿರುಗಿಸಿ ಮುರುಗಿಸಿ ನೋಡಿದ. ಒಂದೇ ಗಾತ್ರ, ಒಂದೇ ಬಿಳುಪು. ಕೊನೆಗೆ ಮೂಗಿನ ಹತ್ತಿರ ಹಿಡಿದ.

“ಇದು” ಅಂದ. ಸರಿಯಾಗಿಯೇ ಹೇಳಿದ. ಆಮೇಲೆ ತಲೆಯೆತ್ತಿದಾಗ ಅವನ ಮುಖ ಇನ್ನೂ ಗಟ್ಟಿಯಾಗಿತ್ತು. “ಇದಕ್ಕೆ ವಾಸನೆ ಇದೆ. ಅದಕ್ಕಿಲ್ಲ. ಕೂಸಾಗಿದ್ದಾಗಿಂದ ಅಡುಗೆ ಮಾಡಿದೋಳು ನೀನು. ಈರುಳ್ಳಿಗೆ ವಾಸನೆ ಇಲ್ಲ ಅಂತ ನಿನ್ನ ಮೂಗಿಗೆ ಗೊತ್ತಾಗಲಿಲ್ವಾ?”

“ಗೊತ್ತಾಯ್ತು!” ಅಮ್ಮ ಕಿರುಚಿದಳು. “ಮೂಸಿದೆ! ವಾಸನೆ ಇರಲಿಲ್ಲ! ಇಂಗ್ಲಿಷಿನೋರ ಈರುಳ್ಳಿ ಇರಬೇಕು ಅಂದ್ಕೊಂಡೆ. ಅವರು ಬೇಯಿಸಿದ್ದಕ್ಕೆ ಯಾವತ್ತಾದ್ರೂ ವಾಸನೆ ಇರುತ್ತಾ? ನೀನೇ ತಾನೆ ರೈಲುಹಾದಿಯಿಂದ ಬಂದು ಹೇಳಿದ್ದು, ಅವರ ಸಾರು ತಿಂದ್ರೆ ಪಾತ್ರೆ ತೊಳೆದ ನೀರು ಕುಡಿದ ಹಾಗೆ ಅಂತ! ಚೆನ್ನಾಗಿರೋದನ್ನೆಲ್ಲ ನಿನಗೇ ಹಾಕಿದೆ. ನಾನು ಯಾವತ್ತು ಗಟ್ಟಿ ಹಾಕ್ಕೊಂಡಿದ್ದೀನಿ? ಮದುವೆಯಾದಾಗಿಂದ ನನ್ನ ಬಟ್ಟಲು ನೋಡಿದ್ದೀಯ ಒಂದಿನ? ಸಾಯೋ ದಿನ ಒಂದೇ ನೋಡಿದ್ಯಾ?”

ಅಪ್ಪ ಬಾಯಿ ತೆರೆದ. ಏನೋ ಹೇಳಲು ಹೊರಟವನಿಗೆ ತಡೆಯಲಾಗದೆ ನಗು ಉಕ್ಕಿತು. ಇಂಗ್ಲಿಷಿನೋರ ಈರುಳ್ಳಿ, ಇಂಗ್ಲಿಷಿನೋರ ಈರುಳ್ಳಿ ಅನ್ನುತ್ತಾ ಇಳಿಜಾರಿನಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮ ಗುದ್ದಲಿ ಎಸೆದು ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಅವಳೂ ಪಕ್ಕದಲ್ಲಿ ಕೂತಳು. ನಗುತ್ತಿದ್ದವನು ಯಾವಾಗ ಅಳತೊಡಗಿದನೋ ತನಗೆ ತಿಳಿಯಲಿಲ್ಲ ಅಂತ ಹೇಳುತ್ತಿದ್ದಳು. ಅಪ್ಪನನ್ನು ಕೇಳಿದರೆ ತಾನು ಅಳಲೇ ಇಲ್ಲ ಅನ್ನುತ್ತಿದ್ದ.

ಆ ಸಂಜೆ ಅಪ್ಪ ತನ್ನ ಬಟ್ಟಲಿಂದ ಅರ್ಧ ಅವಳ ಬಟ್ಟಲಿಗೆ ಸುರಿದ. ಇಬ್ಬರೂ ಒಟ್ಟಿಗೆ ತಿಂದರು.

ಮಿಸ್ ಕಾರ್ಸ್‌ವೆಲ್ ಗೋಧಿ ಕೊಯ್ಲಿನವರೆಗೂ ಇದ್ದಳು. ಆಕೆಯಿಂದ ನಮ್ಮ ಜಮೀನಿಗೆ ಒಂದು ಗೆರೆಯಷ್ಟೂ ತೊಂದರೆಯಾಗಲಿಲ್ಲ. ಹಕ್ಕುಪತ್ರ ಮೂರು ವರ್ಷ ತುಂಬಿದ ಮೇಲೆ ಬಂತು. ಆದರೆ ಅದು ಬರುವವರೆಗೂ ಅಮ್ಮ ಅವಳ ಗುಂಡಿಗಳನ್ನು ಒಂದೊಂದಾಗಿ ಮುಚ್ಚಿ, ಮೇಲೆ ತುಳಿದು ಗಟ್ಟಿ ಮಾಡುತ್ತಿದ್ದಳು. ಪಲಾಹ್ನಾ ಕೊನೆಯವರೆಗೂ ಸಕ್ಕರೆಯದೇ ತಪ್ಪು ಅನ್ನುತ್ತಿದ್ದಳು. “ಗಡ್ಡೆಯೂ ಇದ್ದಿರಬಹುದು ಕುಮಾ, ಇಲ್ಲ ಅನ್ನಲ್ಲ. ಆದರೆ ಸಕ್ಕರೇನೂ ಸೇರಿತ್ತು.”

ಪುಸ್ತಕ ಬಂದದ್ದು ನಾನು ಶಾಲೆಗೆ ಸೇರಿದ ಮೇಲೆ. ಅಂಚೆಯಲ್ಲಿ, ಕಂದು ಕಾಗದ ಸುತ್ತಿ, ಅಪ್ಪನ ಹೆಸರಿಗೆ. ಹಸಿರು ರಟ್ಟು, ಒಳಗೆ ನಮ್ಮ ಬಯಲಿನ ಹುಲ್ಲುಗಳು, ಅವುಗಳ ಬೇರು, ಕಪ್ಪು, ಕಂದು, ಬಿಳಿ ಮಣ್ಣಿನ ಪದರ. ಆ ಕೆನೆಬಣ್ಣದ ಹೂವಿಗೆ ಒಂದು ಪೂರ್ತಿ ಪುಟ. ಅಪ್ಪ ಓದಿ ಅರ್ಥ ಹೇಳಿದ: ಕುರಿಗಳಿಗೂ ಮನುಷ್ಯರಿಗೂ ವಿಷ, ಬೇಯಿಸಿದರೂ ವಿಷ ಹೋಗುವುದಿಲ್ಲ, ಕಾಡು ಈರುಳ್ಳಿ ಅಂತ ತಪ್ಪು ತಿಳಿಯುವ ಸಾಧ್ಯತೆ ಇದೆ.

“ಯಾರು ತಪ್ಪು ತಿಳಿದ್ರು ಅಂತ ಬರೆದಿದ್ದಾಳಾ?” ಅಂದಳು ಅಮ್ಮ.

“ಇಲ್ಲ.”

“ಸರಿಯಾಗಿ ನೋಡು.”

“ಇಲ್ಲ ಮಾರಾಯ್ತಿ.”

ಅಮ್ಮ ಅವನನ್ನು ನಂಬಲಿಲ್ಲ. ಶಾಲೆಯ ಮೇಡಂ ಮನೆಗೆ ಬಂದಾಗ ಅವರ ಕೈಲಿ ಓದಿಸಿದಳು. ಅವರೂ ಇಲ್ಲ ಅಂದರು. ನನಗೆ ಇಂಗ್ಲಿಷು ಸಲೀಸಾಗಿ ಓದಲು ಬಂದ ಮೇಲೆ ಒಂದು ಮಧ್ಯಾಹ್ನ, ಅಪ್ಪ ಹೊಲದಲ್ಲಿದ್ದಾಗ, ಪುಸ್ತಕವನ್ನು ನನ್ನ ಮಡಿಲಿಗೆ ತಂದಿಟ್ಟಳು.

“ನೀನು ನನ್ನ ಹೊಟ್ಟೇಲಿ ಹುಟ್ಟಿದೋಳು. ಸುಳ್ಳು ಹೇಳಬೇಡ. ಟೆಕ್ಲಾ ಅಂತ ಇದೆಯಾ?”

ನಾನು ಆ ಪುಟವನ್ನೂ, ಅದರ ಹಿಂದಿನ ಮುಂದಿನ ಪುಟಗಳನ್ನೂ ಬೆರಳಿಟ್ಟು ಓದಿದೆ. ಅಮ್ಮನ ಹೆಸರು ಎಲ್ಲೂ ಇರಲಿಲ್ಲ. ನಮ್ಮ ಊರಿನ ಹೆಸರೂ ಇರಲಿಲ್ಲ. ಹಾಗೇ ಹೇಳಿದೆ.

“ಹ್ಞೂಂ” ಅಂದಳು ಅಮ್ಮ. ಪುಸ್ತಕ ತೆಗೆದುಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. “ಚೆನ್ನಾಗಿ ಬರೆದಿದ್ದಾಳೆ” ಅಂದಳು. ಆಮೇಲೆ ಅದನ್ನು ಎಲ್ಲರ ಕೈಗೂ ಸಿಗುವ ಕಪಾಟಿನಲ್ಲಿ ಇಡದೆ, ತನ್ನ ಹಿಟ್ಟಿನ ಪೆಟ್ಟಿಗೆಯ ತಳಕ್ಕೆ ಸೇರಿಸಿ ಮುಚ್ಚಳ ಹಾಕಿದಳು.